ಇಪ್ಪತ್ತು ಡಾಲರಿನ ನಾಪಾ

(ಸೊರಬ ತಾಲ್ಲೂಕು, ಆನವಟ್ಟಿ ಕಡೆಯ ಒಂದು ಹಳ್ಳಿ. ಅಡಿಕೆ ಬೇಯಿಸುವ ಕಾಲ. ಶಿಕಾರಿಪುರದ ತವರಿಗೆ ಬಂದ ಸೊಸೆ ಸೋದರಮಾವನ ಮನೆಗೆ ಒಂದು ಬಾಟಲಿ ಕೆಂಪು ವೈನು ತಂದಿದ್ದಾಳೆ. ಅವಳಿಗೆ ಕ್ಯಾಲಿಫೋರ್ನಿಯಾದಲ್ಲಿ ವೈನಿನ ಪ್ರಯೋಗಾಲಯವೊಂದರಲ್ಲಿ ಕೆಲಸ.)

ಮಾವ: ಮುಂದೆ ನೋಡಿದೆ, ಹಿಂದೆ ನೋಡಿದೆ. ಊರಿನ ಹೆಸರು ದಪ್ಪಗೆ ಬರೆದಿದ್ದಾರೆ, ಅಂಗಡಿ ಹೆಸರೂ ಇದೆ. ಬೆಳೆದವನ ಹೆಸರು ಎಲ್ಲೂ ಇಲ್ಲವಲ್ಲ ಮಾರಾಯ್ತಿ.

ಸೊಸೆ: ಇರಲ್ಲ ಮಾವ. ಇದು ಅಂಗಡಿಯವರದ್ದೇ ಲೇಬಲ್. ಕಾಸ್ಟ್‌ಕೋ ಅಂತ, ಅಮೆರಿಕದಲ್ಲಿ ಗೋದಾಮಿನ ಹಾಗಿರೋ ದೊಡ್ಡ ಅಂಗಡಿ. ವರ್ಷಕ್ಕಿಷ್ಟು ಅಂತ ಕಟ್ಟಿ ಸದಸ್ಯರಾದರೆ ಅಲ್ಲಿ ವ್ಯಾಪಾರ ಮಾಡಬಹುದು. 1995ರಿಂದ ‘ಕರ್ಕ್‌ಲ್ಯಾಂಡ್ ಸಿಗ್ನೇಚರ್’ ಅನ್ನೋ ಒಂದೇ ಹೆಸರಲ್ಲಿ ಗೋಡಂಬಿ, ಬ್ಯಾಟರಿ, ಅಂಗಿ, ಆಲಿವ್ ಎಣ್ಣೆ ಎಲ್ಲ ಮಾರ್ತಾರೆ. ವೈನೂ ಅದರಲ್ಲಿ ಒಂದು.

ಮಾವ: ಬ್ಯಾಟರಿ ಮಾರುವವರ ವೈನು! ನಿಮ್ಮಪ್ಪ ಫೋನಲ್ಲಿ ‘ನಾಪಾದ್ದು, ಬಹಳ ದೊಡ್ಡ ಜಾಗ’ ಅಂದಿದ್ರು.

ಸೊಸೆ: ಹೆಸರು ದೊಡ್ಡದು, ಜಾಗ ಸಣ್ಣದು. ನಾಪಾ ಕಣಿವೆ ಉದ್ದಕ್ಕೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದ ಹಾಗೆ, ಹೆಚ್ಚು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಆಗೋ ವೈನಲ್ಲಿ ನೂರಕ್ಕೆ ನಾಲ್ಕು ಪಾಲು ಅಷ್ಟೇ ಅಲ್ಲಿನದು. ಆದ್ರೆ 1976ರಲ್ಲಿ ಪ್ಯಾರಿಸ್ಸಲ್ಲಿ ಲೇಬಲ್ ಮುಚ್ಚಿಟ್ಟು ಒಂದು ರುಚಿಯ ಪಂದ್ಯ ನಡೀತು. ತೀರ್ಪು ಕೊಟ್ಟವರು ಫ್ರೆಂಚರು. ಕೆಂಪಲ್ಲೂ ಬಿಳಿಯಲ್ಲೂ ಮೊದಲ ಸ್ಥಾನ ನಾಪಾದ ವೈನಿಗೆ ಹೋಯ್ತು. ಅಲ್ಲಿಂದಾಚೆ ಆ ಕಣಿವೆಯ ದ್ರಾಕ್ಷಿಗೆ ಬಂದ ರೇಟು ಇಳಿದಿದ್ದು ಕಮ್ಮಿ. ಕ್ಯಾಬರ್ನೆ ಸೋವಿನ್ಯಾನ್ ಅನ್ನೋ ಕಪ್ಪು ದ್ರಾಕ್ಷಿ ಟನ್ನಿಗೆ ಸುಮಾರು 9 ಸಾವಿರ ಡಾಲರ್ ಮುಟ್ಟಿದೆ.

ಮಾವ: ಟನ್ನಿಗೆ ಎಷ್ಟು ಬಾಟಲಿ ಬೀಳುತ್ತೆ?

ಸೊಸೆ: ಏಳ್ನೂರು.

ಮಾವ: ಹಾಗಾದ್ರೆ ಹಣ್ಣಿನ ಖರ್ಚೇ ಬಾಟಲಿಗೆ ಹದಿಮೂರು ಡಾಲರ್ ಹತ್ರ ಆಯ್ತು. ಆಮೇಲೆ ಗಾಜು, ಬಿರಡೆ, ಆಳು, ಸಾಗಾಟ...

ಸೊಸೆ: ಓಕ್ ಮರದ ಪೀಪಾಯಿ ಬಿಟ್ರಿ. ಫ್ರಾನ್ಸಿಂದ ತರಿಸಿದ ಹೊಸ ಪೀಪಾಯಿ ಒಂದಕ್ಕೆ ಸಾವಿರ ಡಾಲರಿಗೂ ಮೇಲೆ, ಅದರಲ್ಲಿ ಹಿಡಿಯೋದು ಮುನ್ನೂರು ಬಾಟಲಿ. ಎರಡು ವರ್ಷ ಸುಮ್ಮನೆ ಇಡಬೇಕು, ಬಡ್ಡಿ ಓಡ್ತಿರುತ್ತೆ. ಅಲ್ಲಿನವರದ್ದು ಒಂದು ಬಾಯಿಲೆಕ್ಕ ಇದೆ: ಟನ್ನಿನ ರೇಟಿನಲ್ಲಿ ನೂರನೇ ಒಂದು ಪಾಲು ಬಾಟಲಿಯ ರೇಟು. ಒಂಬತ್ತು ಸಾವಿರದ ದ್ರಾಕ್ಷಿ ಅಂದ್ರೆ ಬಾಟಲಿಗೆ ತೊಂಬತ್ತು ಡಾಲರ್.

ಮಾವ: ನೀನು ಎಷ್ಟು ಕೊಟ್ಟೆ?

ಸೊಸೆ: ಇಪ್ಪತ್ತರ ಆಸುಪಾಸು.

ಮಾವ: ಬಿಡು ಹಾಗಾದ್ರೆ, ಕಲಬೆರಕೆ. ತೊಂಬತ್ತರ ಮಾಲನ್ನ ಇಪ್ಪತ್ತಕ್ಕೆ ಕೊಡೋಕೆ ಅವನೇನು ಧರ್ಮಛತ್ರ ಇಟ್ಟಿದಾನಾ?

ಸೊಸೆ: ಎಲ್ಲರೂ ಮೊದಲು ಹಾಗೇ ಅಂತಾರೆ. ಆದ್ರೆ ಕಾನೂನು ಗಟ್ಟಿ ಇದೆ. ನಾಪಾ ಕಣಿವೆಯ ಗಡಿಯನ್ನ 1981ರಲ್ಲಿ ಸರ್ಕಾರವೇ ಗುರುತು ಮಾಡಿದೆ. ಲೇಬಲ್ ಮೇಲೆ ಆ ಹೆಸರು ಬರಬೇಕಾದರೆ ನೂರಕ್ಕೆ 85 ಪಾಲು ದ್ರಾಕ್ಷಿ ಆ ಗಡಿಯ ಒಳಗೇ ಬೆಳೆದದ್ದಾಗಿರಬೇಕು. ಉಳಿದ ಹದಿನೈದು ಕ್ಯಾಲಿಫೋರ್ನಿಯಾದ ಬೇರೆ ಕಡೆಯದ್ದಾದರೂ ನಡೆಯುತ್ತೆ. ದ್ರಾಕ್ಷಿಯ ಜಾತಿ ಬರೆದರೆ ಆ ಜಾತಿ 75 ಪಾಲು, ವರ್ಷ ಬರೆದರೆ ಆ ವರ್ಷದ್ದು 95 ಪಾಲು. ಅಂಗಡಿಯವನದಾದರೂ ಅದೇ ನಿಯಮ, ಅರಮನೆ ಕಟ್ಟಿಕೊಂಡ ತೋಟದವನದಾದರೂ ಅದೇ ನಿಯಮ.

ಮಾವ: ಊರು ಸುಳ್ಳಲ್ಲ ಅಂತಾಯ್ತು. ಮಾಡಿದವನು?

ಸೊಸೆ: ಅದನ್ನ ಹಿಂದಿನ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ‘ಎಸ್ಟೇಟ್ ಬಾಟಲ್ಡ್’ ಅಂತಿದ್ದರೆ ತೋಟವೂ ಅವನ ಕೈಯಲ್ಲಿದೆ, ವೈನೂ ಅವನೇ ಮಾಡಿದ್ದು. ‘ಪ್ರೊಡ್ಯೂಸ್ಡ್ ಅಂಡ್ ಬಾಟಲ್ಡ್ ಬೈ’ ಅಂದ್ರೆ ಮುಕ್ಕಾಲು ಪಾಲಾದರೂ ಅವನೇ ಹುಳಿಬರಿಸಿದ್ದಾನೆ. ‘ಸೆಲರ್ಡ್’ ಅಂತಲೋ ‘ವಿಂಟೆಡ್’ ಅಂತಲೋ ಇದ್ದರೆ ಯಾರೋ ಮಾಡಿದ್ದನ್ನ ಇವರು ಕೊಂಡು ತಂದು, ಹದ ಮಾಡಿ, ಬಾಟಲಿಗೆ ತುಂಬಿರಬಹುದು. ಕೇಳೋಕೆ ಮೂರೂ ಗಂಭೀರ ಮಾತೇ. ಅಂಗಡಿ ಲೇಬಲಿನ ಅಗ್ಗದ ವೈನಲ್ಲಿ ಹೆಚ್ಚಾಗಿ ಸಿಗೋದು ಆ ಮೂರನೇ ಬಗೆ.

ಮಾವ: ಸರಿ, ಕೊಟ್ಟವನು ಯಾಕೆ ಕೊಟ್ಟ? ಅವನ ಹತ್ರ ಗಡಿ ಇದೆ, ಹೆಸರಿದೆ, ರೇಟಿದೆ. ಯಾವುದೋ ಗೋದಾಮಿಗೆ ಸುರಿಯೋ ಕರ್ಮ ಅವನಿಗೇನು?

ಸೊಸೆ: ಒಬ್ಬ ತೋಟದವನ ಬಾಟಲಿ ನೂರು ಡಾಲರ್ ಅಂತ ಇಟ್ಕೊಳ್ಳಿ. ಈ ವರ್ಷ ಹತ್ತು ಸಾವಿರ ಪೆಟ್ಟಿಗೆ ಮಾಡಿದ, ಆರು ಸಾವಿರ ಹೋಯ್ತು. ಉಳಿದ ನಾಲ್ಕು ಸಾವಿರವನ್ನ ಅರವತ್ತು ಡಾಲರಿಗೆ ಇಳಿಸಿದ ಅನ್ನಿ. ಮುಂದಿನ ವರ್ಷ ನೂರು ಕೊಡೋಕೆ ಒಬ್ಬನೂ ಬರಲ್ಲ. ಹಾಗಂತ ಇಟ್ಟುಕೊಳ್ಳೋ ಹಾಗೂ ಇಲ್ಲ, ಹೊಸ ಫಸಲು ಬಂದು ತೊಟ್ಟಿ ಖಾಲಿ ಮಾಡು ಅನ್ನುತ್ತೆ. ಆಗ ದಲ್ಲಾಳಿ ಬರ್ತಾನೆ. ತೊಟ್ಟಿಯ ವೈನು ಟ್ಯಾಂಕರಿಗೆ ಏರುತ್ತೆ. ಷರತ್ತು ಒಂದೇ: ಯಾರ ತೊಟ್ಟಿದು ಅಂತ ಯಾರೂ ಯಾರಿಗೂ ಹೇಳಕೂಡದು. ಕಾಗದಕ್ಕೆ ಸಹಿ ಆಗುತ್ತೆ. ಅಂಥ ಟ್ಯಾಂಕರಿನ ಮಾದರಿ ನಮ್ಮ ಲ್ಯಾಬಿಗೆ ಬರೋವಾಗ ಬಾಟಲಿ ಮೇಲೆ ಒಂದು ನಂಬರ್ ಮಾತ್ರ ಇರುತ್ತೆ.

ಮಾವ: ಇದು ಚೇಣಿ!

ಸೊಸೆ: ಹೇಗೆ?

ಮಾವ: ನೋಡು, ನಾನು ಈ ವರ್ಷ ಮೇಲಿನ ತೋಟ ಚೇಣಿಗೆ ಕೊಟ್ಟಿದೀನಿ. ಆಳಿಲ್ಲ, ಸುಲಿಯೋರಿಲ್ಲ. ಚೇಣಿಯವನು ಕೊನೆ ಇಳಿಸಿಕೊಂಡು ಹೋಗ್ತಾನೆ. ಕ್ವಿಂಟಾಲ್ ಹಸಿ ಕಾಯಿಗೆ ಹನ್ನೆರಡೋ ಹದಿಮೂರೋ ಕೆಜಿ ಒಣ ಅಡಿಕೆ ಅಂತ ಮೊದಲೇ ಮಾತು. ಅವನ ಹಂಡೆಗೆ ನನ್ನ ಕಾಯಿ, ಪಕ್ಕದವನ ಕಾಯಿ, ಹೊಳೆಯಾಚೆಯವನ ಕಾಯಿ ಎಲ್ಲ ಒಟ್ಟಿಗೆ ಬೀಳುತ್ತೆ. ಕೊನೆಗೆ ನನಗೆ ಬರೋ ಅಡಿಕೆ ನನ್ನ ಮರದ್ದೇ ಅಂತ ಯಾವ ದೇವರ ಮುಂದೆ ಹೇಳಲಿ? ಮಂಡಿಗೆ ಹೋದ ಮೇಲಂತೂ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ದರ್ಜೆಗೆ ಹೆಸರೇ ಹೊರತು ಊರಿಗೆ ಇಲ್ಲ. ಉತ್ತರದ ಪಾನ್ ಮಸಾಲಾ ಕಾರ್ಖಾನೆ ಸೇರಿದ ಮೇಲೆ ಆ ದರ್ಜೆಯೂ ಹೋಯ್ತು.

ಸೊಸೆ: ಒಂದು ವ್ಯತ್ಯಾಸ ಇದೆ ಮಾವ. ನಾಪಾದವನು ಹೆಸರು ಕೆಡಬಾರದು ಅಂತ ತಾನೇ ಅಡಗಿಸ್ತಾನೆ. ನಿಮ್ಮಲ್ಲಿ ಅಡಗಿಸೋಕೆ ಹೆಸರೇ ಹುಟ್ಟಿಲ್ಲ.

ಮಾವ: ಹುಟ್ಟಿಲ್ಲ ಅಂತಲ್ಲ, ಗಡಿಯ ಆಚೆ ಹುಟ್ಟಿತು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ, ಅಂದ್ರೆ ಊರಿನ ಹೆಸರಿಗೆ ಸರ್ಕಾರದ ಗುರುತು, ಸಿಕ್ತಲ್ಲ, ಅದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕಿಗೆ. ಬನವಾಸಿ ಶಿರಸಿ ತಾಲ್ಲೂಕು, ಅವರಿಗೆ ಹೆಸರುಂಟು. ನಾವು ಸೊರಬ, ನಮಗಿಲ್ಲ. ಮಳೆ ಬರೋವಾಗ ತಾಲ್ಲೂಕು ಕೇಳಿ ಬರುತ್ತಾ? ಕದಂಬರ ಕಾಲದಲ್ಲಿ ಎಲ್ಲ ಒಂದೇ ನಾಡಾಗಿತ್ತು. ತಾಳಗುಂದದ ಕಂಬ ನಮ್ಮ ಶಿಕಾರಿಪುರ ತಾಲ್ಲೂಕಲ್ಲಿ, ರಾಜಧಾನಿ ಅವರ ತಾಲ್ಲೂಕಲ್ಲಿ.

ಸೊಸೆ: ನಾಪಾದಲ್ಲೂ ಗಡಿಯ ಜಗಳ ಕೋರ್ಟು ಹತ್ತಿದೆ. ಫ್ರೆಡ್ ಫ್ರಾಂಜಿಯಾ ಅಂತ ಒಬ್ಬ ಇದ್ದ, ಬ್ರಾಂಕೊ ವೈನ್ ಕಂಪನಿಯವನು. ಯಾವ ವೈನಿಗೂ ಹತ್ತು ಡಾಲರಿಗಿಂತ ಹೆಚ್ಚು ಕೊಡಬಾರದು ಅನ್ನೋದು ಅವನ ವಾದ. ‘ನಾಪಾ ರಿಡ್ಜ್’ ಅಂಥ ಹಳೇ ಬ್ರಾಂಡುಗಳನ್ನ ಕೊಂಡುಕೊಂಡ. ಹೆಸರಲ್ಲಿ ನಾಪಾ, ಒಳಗೆ ಬೇರೆ ಕಡೆಯ ಅಗ್ಗದ ದ್ರಾಕ್ಷಿ. ಹಳೇ ಬ್ರಾಂಡುಗಳಿಗೆ ಕಾನೂನಲ್ಲಿ ಒಂದು ಸಡಿಲಿಕೆ ಇತ್ತು, ಅದರೊಳಗೇ ನಡೆಸ್ತಿದ್ದ. ನಾಪಾದವರು ಸುಮ್ಮನಿರಲಿಲ್ಲ. 2000ದಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾನೂನು ತಂತು: ಬ್ರಾಂಡಿನ ಹೆಸರಲ್ಲಿ ನಾಪಾ ಇದ್ದರೂ ಮುಕ್ಕಾಲು ಪಾಲು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಇವನು ಕೋರ್ಟಿಗೆ ಹೋದ. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನಿನ ಪರ ನಿಂತಿತು.

ಮಾವ: ಪಾಪ, ಸೋತ.

ಸೊಸೆ: ಅಷ್ಟರಲ್ಲಿ ಇನ್ನೊಂದು ಕಡೆ ಗೆದ್ದಾಗಿತ್ತು! ಚಾರ್ಲ್ಸ್ ಶಾ ಅಂತ ನಾಪಾದಲ್ಲಿ ಒಬ್ಬ ವೈನ್ ಮಾಡಿ ದಿವಾಳಿಯಾಗಿದ್ದ. ಇವನು ಅವನ ಹೆಸರನ್ನೂ ಕೊಂಡಿದ್ದ. 2002ರಲ್ಲಿ ಟ್ರೇಡರ್ ಜೋಸ್ ಅನ್ನೋ ಅಂಗಡಿಗಳಲ್ಲಿ ಅದೇ ಹೆಸರಿನ ವೈನು ಬಾಟಲಿಗೆ 1.99 ಡಾಲರ್. ‘ಟೂ ಬಕ್ ಚಕ್’ ಅಂತ ಜನ ಅಡ್ಡಹೆಸರಿಟ್ಟು, ಪೆಟ್ಟಿಗೆಗಟ್ಟಲೆ ಹೊತ್ತುಕೊಂಡು ಹೋದರು. ದ್ರಾಕ್ಷಿಯ ಊರು ಅಂತ ಲೇಬಲ್ ಮೇಲೆ ಇದ್ದದ್ದು ಬರೀ ‘ಕ್ಯಾಲಿಫೋರ್ನಿಯಾ’.

ಮಾವ: ದಿವಾಳಿಯಾದವನ ಹೆಸರು ಕೋಟಿಗಟ್ಟಲೆ ಬಾಟಲಿ ಮೇಲೆ! ಅವನಿಗೆ ಏನಾದ್ರೂ ಬಂತಾ?

ಸೊಸೆ: ಹೆಸರು ಮಾರಿ ಹೋದ ಮೇಲೆ ಏನು ಬರುತ್ತೆ ಮಾವ?

ಮಾವ: ಬ್ಯಾಡಗಿಯದ್ದೇ ಕಥೆ ನೋಡು. ಆಂಧ್ರದ ಮೆಣಸಿನಕಾಯಿ ಲಾರಿಗಟ್ಟಲೆ ಆ ಮಾರ್ಕೆಟ್ಟಿಗೆ ಬರುತ್ತೆ. ಯಾರ್ಡಿನಿಂದ ಹೊರಗೆ ಹೋಗೋವಾಗ ಬ್ಯಾಡಗಿ ಅಂತ ಹೋದರೆ ಕೇಳೋರು ಯಾರು? ಜಿಐ ಪತ್ರ ಗೋಡೆ ಮೇಲಿರುತ್ತೆ, ಚೀಲದ ಮೇಲೆ ಇರಲ್ಲ.

ಸೊಸೆ: ಫ್ರಾನ್ಸಲ್ಲಿ ಬೇಡದ ಮಾಲಿಗೆ ಬೇರೆ ಲೇಬಲ್ ಹಾಕೋ ಕೆಲಸವನ್ನ ಒಬ್ಬ ದೊಡ್ಡ ಮನೆತನದವನೇ ಬಹಳ ಜಾಣತನದಲ್ಲಿ ಮಾಡಿದ. ಬೋರ್ಡೋದಲ್ಲಿ ಮೂತೋ ರೋಥ್‌ಶಿಲ್ಡ್ ಅಂತ ತೋಟ. 1930ರ ಫಸಲು ಕೆಟ್ಟಿತು. ಕೆಟ್ಟದ್ದನ್ನ ದೊಡ್ಡ ಹೆಸರಲ್ಲಿ ಮಾರೋಕೆ ಯಜಮಾನನಿಗೆ ಮನಸ್ಸಿಲ್ಲ, ಚೆಲ್ಲೋಕೂ ಮನಸ್ಸಿಲ್ಲ. ತಾನು ಮನೆಯ ಕಿರಿಮಗ ಅಂತ ‘ಮೂತೋ ಕಾದೆ’, ಅಂದ್ರೆ ಕಿರಿಯ ಮೂತೋ, ಅಂತ ಬೇರೆ ಲೇಬಲ್ ಹಾಕಿ ಕಮ್ಮಿಗೆ ಬಿಟ್ಟ. ಅದು ಓಡ್ತು. ಎಷ್ಟು ಓಡ್ತು ಅಂದ್ರೆ ಆಮೇಲೆ ಅವರ ತೋಟದ ಹಣ್ಣು ಸಾಲಲೇ ಇಲ್ಲ, ಬೋರ್ಡೋದ ಯಾರ್ಯಾರದ್ದೋ ವೈನು ಕೊಂಡು ತುಂಬಿಸಬೇಕಾಯ್ತು. ಈಗಲೂ ಪ್ರಪಂಚದ ತುಂಬ ಮಾರ್ತಾರೆ.

ಮಾವ: ಕೆಟ್ಟ ಫಸಲಿಗೂ ಲೇಬಲ್ಲು! ನಾವು ಕೊಳೆರೋಗ ಬಂದು ಉದುರಿದ್ದನ್ನ ಬಾಯಿಮುಚ್ಚಿಕೊಂಡು ಸಿಕ್ಕಿದ ರೇಟಿಗೆ ಕೊಟ್ಟು ಬರ್ತೀವಿ. ಇರಲಿ, ಇಂಥದ್ದು ನಮ್ಮ ಶಿಕಾರಿಪುರದಲ್ಲಿ ಸಿಗುತ್ತಾ? ಬಸ್‌ಸ್ಟ್ಯಾಂಡ್ ಹತ್ರ ‘ವೈನ್ಸ್’ ಅಂತ ಬೋರ್ಡು ಇದೆಯಲ್ಲ.

ಸೊಸೆ: ಬೋರ್ಡಲ್ಲಿ ಮಾತ್ರ ಇದೆ. ನಿನ್ನೆ ಅಪ್ಪನ ಜೊತೆ ಹೋಗಿ ಕೇಳಿದೆ. ವಿಸ್ಕಿ, ರಮ್ಮು, ಬ್ರಾಂದಿ ಗೋಡೆ ತುಂಬ. ವೈನು ಅಂತ ಮೂಲೆಯಲ್ಲಿ ಧೂಳು ಹಿಡಿದ ಎರಡು ಬಾಟಲಿ ಸಿಹಿ ‘ಪೋರ್ಟ್’. ಅಂಗಡಿಯವರು, ‘ರಕ್ತ ಆಗುತ್ತೆ ಅಂತ ಯಾರಾದ್ರೂ ಹೆಂಗಸರಿಗೆ ತಗೊಂಡು ಹೋಗ್ತಾರೆ’ ಅಂದ್ರು.

ಮಾವ: ನಿಮ್ಮತ್ತೆಯೂ ಹಾಗೇ ಅಂತಾಳೆ. ದಾಳಿಂಬೆ ಬಣ್ಣ ಇದ್ದಿದ್ದೆಲ್ಲ ಅವಳ ಪ್ರಕಾರ ರಕ್ತವೇ.

ಸೊಸೆ: ಆ ಪೋರ್ಟ್ ಹೆಸರೂ ಎರವಲೇ ಮಾವ. ಪೋರ್ಚುಗಲ್ಲಿನ ಡೋರು ಕಣಿವೆಯ ವೈನಿನ ಹೆಸರು ಅದು. ಆ ಕಣಿವೆಗೆ 1756ರಲ್ಲೇ ಸರ್ಕಾರ ಗಡಿ ಹಾಕಿತ್ತು. ನಮ್ಮ ಅಂಗಡಿಯ ಪೋರ್ಟಿಗೂ ಆ ನದಿಗೂ ಸಂಬಂಧವೇ ಇಲ್ಲ. ಅಗ್ಗದ ಬಾಟಲಿ, ದೊಡ್ಡ ಊರಿನ ಹೆಸರು, ಒಳಗೆ ಆ ಊರಿನದ್ದು ಒಂದು ತೊಟ್ಟೂ ಇಲ್ಲ. ನೀವು ಕಲಬೆರಕೆ ಅಂದ್ರಲ್ಲ, ಆ ಮಾತು ಇದಕ್ಕೆ ಒಪ್ಪುತ್ತೆ.

ಮಾವ: ಒಳ್ಳೇದು ಬರದೆ ಇರೋಕೆ ಏನಡ್ಡಿ? ಸಾರಾಯಿ ನಿಂತಿದ್ದು 2007ರ ಜುಲೈ ಒಂದಕ್ಕೆ. ಆಗ ಹಣಕಾಸು ಮಂತ್ರಿ ನಮ್ಮ ಶಿಕಾರಿಪುರದ ಯಡಿಯೂರಪ್ಪನವರೇ. ಪ್ಯಾಕೆಟ್ ಹೋಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು.

ಸೊಸೆ: ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತಲೂ ತಂತು. ಆಮೇಲೆ ವೈನ್ ಮಂಡಳಿ ಆಯ್ತು. ದೊಡ್ಡಬಳ್ಳಾಪುರದ ಹತ್ರ, ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬದವರು ಅದಕ್ಕೂ ಮೊದಲೇ ಫ್ರೆಂಚ್ ತಳಿ ಹಾಕಿದ್ದರು. ಬೋರ್ಡೋದಿಂದ ಮಿಶೆಲ್ ರೋಲಾಂ ಅನ್ನೋ ದೊಡ್ಡ ತಜ್ಞರನ್ನೇ ಸಲಹೆಗೆ ಕರೆಸಿಕೊಂಡರು. ಹಂಪಿ ಕಡೆಯೂ ತೋಟ ಇದೆ. ಬೆಂಗಳೂರಲ್ಲಿ ಇವೆಲ್ಲ ಸಿಗುತ್ತೆ. ಇಲ್ಲಿ ತನಕ ಬರಲ್ಲ, ಕೇಳೋರಿಲ್ಲ.

ಮಾವ: ಶಿಕಾರಿಪುರದ ಅಂಗಡಿಯವನೊಬ್ಬ ಹುಷಾರಿ ಅಂತ ಇಟ್ಕೋ. ನಂದಿ ಬೆಟ್ಟದವರ ಮಾರದ ತೊಟ್ಟಿ ಕೊಂಡು, ‘ಹುಚ್ಚರಾಯಸ್ವಾಮಿ ಪ್ರಸನ್ನ’ ಅಂತ... ಬೇಡ, ದೇವರ ಹೆಸರು ಬೇಡ. ತನ್ನ ಅಂಗಡಿ ಹೆಸರಿನ ಲೇಬಲ್ ಅಂಟಿಸಿ ಮುನ್ನೂರು ರೂಪಾಯಿಗೆ ಮಾರಬಹುದಾ?

ಸೊಸೆ: ಕಷ್ಟ. ನಮ್ಮಲ್ಲಿ ಅಂಗಡಿಯವನು ಕಾರ್ಖಾನೆಯಿಂದ ನೇರ ಕೊಳ್ಳೋ ಹಾಗಿಲ್ಲ. 2003ರಿಂದ ಎಲ್ಲ ಮದ್ಯವೂ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಬರಬೇಕು. ಪ್ರತಿ ಲೇಬಲ್ಲಿಗೂ ಅಬಕಾರಿ ಇಲಾಖೆಯ ಒಪ್ಪಿಗೆ, ಅದಕ್ಕೆ ಶುಲ್ಕ. ಹತ್ತು ಪೆಟ್ಟಿಗೆ ಮಾರೋನಿಗೆ ಇದೆಲ್ಲ ಗಿಟ್ಟಲ್ಲ. ಹೊರದೇಶದ್ದು ಅಂದ್ರೆ ಇನ್ನೂ ದೂರ. ವೈನಿನ ಆಮದು ಸುಂಕವೇ ನೂರಕ್ಕೆ ನೂರೈವತ್ತು ಅಂತ ವರ್ಷಗಟ್ಟಲೆ ಇತ್ತು. ಈ ಇಪ್ಪತ್ತು ಡಾಲರಿನ ಬಾಟಲಿ ಆ ದಾರಿಯಲ್ಲಿ ಬಂದಿದ್ದರೆ ಬೆಂಗಳೂರು ಮುಟ್ಟೋ ಹೊತ್ತಿಗೆ ಎಷ್ಟಾಗ್ತಿತ್ತೋ! ನಾನು ಕೈಲಿ ತಂದಿದ್ದಕ್ಕೆ ಹೀಗಿದೆ. ಎರಡು ಲೀಟರ್ ತನಕ ವಿಮಾನದಲ್ಲಿ ಬರೋರಿಗೆ ಸುಂಕ ಇಲ್ಲ.

ಮಾವ: ಅಂದ್ರೆ ಈ ಆಟಕ್ಕೆ ಬೇಕಾದ್ದು ತೋಟ ಅಲ್ಲ, ಅಂಗಡಿ. ದೊಡ್ಡ ಅಂಗಡಿ. ಸಾವಿರಾರು ಜನ ಬಾಗಿಲಲ್ಲಿ ನಿಂತಿರೋ ಅಂಗಡಿ ಇದ್ದರೆ ಯಾರ ತೊಟ್ಟಿಗೆ ಬೇಕಾದರೂ ನಿನ್ನ ಹೆಸರು ಬರೀಬಹುದು.

ಸೊಸೆ: ಹೌದು. ಆದ್ರೆ ಕುಡಿಯೋರಿಗೆ ಅದರಿಂದ ನಷ್ಟ ಇಲ್ಲ ಅನ್ನೋದು ನನ್ನ ಅನುಭವ. ನನ್ನಂಥ ಸಂಬಳದವಳು ನಾಪಾದ ರುಚಿ ನೋಡಿದ್ದೇ ಇಂಥ ಬಾಟಲಿಯಿಂದ. ನೂರು ಡಾಲರಿನದ್ದರಲ್ಲಿ ಎಪ್ಪತ್ತು ಡಾಲರ್ ಹೋಗೋದು ತೋಟದ ಮುಂದಿನ ಕಲ್ಲಿನ ಕಮಾನಿಗೆ, ಭಾರದ ಗಾಜಿಗೆ, ಜಾಹೀರಾತಿಗೆ ಅಂತ ನನ್ನ ಗುಮಾನಿ. ಸ್ವಲ್ಪ ಬಗ್ಗಿಸ್ತೀನಿ, ಲೋಟ ಕೊಡಿ. ಒಂದೇ ಸಲಕ್ಕೆ ನುಂಗಬೇಡಿ.

ಮಾವ: ನಮ್ಮಪ್ಪ ಬಗನಿ ಕಳ್ಳು ಇಳಿಸ್ತಿದ್ದ ಕಾಲದಲ್ಲಿ ಗಿಂಡಿಯಲ್ಲೇ ಕುಡೀತಿದ್ರು. ನೋಡೋಣ... ಅಬ್ಬ! ಸಿಹಿ ಇಲ್ಲ. ಹುಳಿಯೂ ಅಷ್ಟಿಲ್ಲ. ನಾಲಿಗೆ ಎರಡು ಬದಿಯೂ ಹಿಡ್ಕೊಳ್ತು. ಒಗರು!

ಸೊಸೆ: ಅದು ಟ್ಯಾನಿನ್. ಸಿಪ್ಪೆಯಿಂದ, ಬೀಜದಿಂದ, ಓಕ್ ಮರದಿಂದ ಬರುತ್ತೆ. ಬಿಳಿ ವೈನಿಗೆ ಸಿಪ್ಪೆ ತೆಗೆದುಬಿಡ್ತಾರೆ, ಅದಕ್ಕೇ ಅದರಲ್ಲಿ ಈ ಒಗರು ಇರಲ್ಲ.

ಮಾವ: ನನಗೆ ಹೇಳಿಕೊಡ್ತೀಯಾ? ಅಲ್ಲಿ ಹಂಡೆಯಲ್ಲಿ ಕುದೀತಿರೋದು ಏನು ಮತ್ತೆ? ಚೊಗರು ಅಂದ್ರೆ ಅದೇ ಒಗರಿನ ಕಷಾಯ. ಒಂದರ ಮೇಲೊಂದು ಹಂಡೆ ಅಡಿಕೆ ಬೇಯಿಸ್ತಾ ಅದು ಗಟ್ಟಿಯಾಗುತ್ತೆ, ಅದನ್ನ ಹಚ್ಚಿದರೆ ಅಡಿಕೆಗೆ ಕೆಂಪು ಹೊಳಪು. ಎಳೆಗಾಯಿಯಲ್ಲಿ ಒಗರು ಜಾಸ್ತಿ, ಬಲಿತ ಹಾಗೆ ಇಳಿಯುತ್ತೆ. ಅದಕ್ಕೇ ಕೊಯ್ಲಿನ ದಿನ ತಪ್ಪಿದರೆ ದರ್ಜೆ ತಪ್ಪುತ್ತೆ. ನಿಮ್ಮ ದ್ರಾಕ್ಷಿಯವರೂ ದಿನ ನೋಡ್ತಾರಾ?

ಸೊಸೆ: ನಿದ್ದೆಗೆಟ್ಟು ನೋಡ್ತಾರೆ. ಎಳೆಯ ಒಗರು ಗಂಟಲು ಕೆರೆಯುತ್ತೆ, ಮಾಗಿದ ಒಗರು ನಯವಾಗಿರುತ್ತೆ. ಈ ಬಾಟಲಿಯಲ್ಲಿ ಕೆರೆತ ಇಲ್ಲ, ಗಮನಿಸಿದ್ರಾ? ಯಾರೋ ಒಳ್ಳೇ ತೋಟದವನದ್ದೇ ಇದು.

ಮಾವ: ಗಮನಿಸಿದೆ. ಮಾಲು ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಹಾಗಿದ್ದೂ ಮಾರಾಟ ಆಗಲಿಲ್ಲ ಅಂದ್ರೆ ನನಗೆ ಅದೇ ಯೋಚನೆ. ನೀನು ಅಗ್ಗಕ್ಕೆ ಸಿಕ್ತು ಅಂತ ಖುಷಿಪಡ್ತಿದೀಯ. ನನಗೆ ಆ ತೋಟದವನು ಕಾಣ್ತಿದಾನೆ.

ಸೊಸೆ: ಅವನ ಕಷ್ಟ ನಿಜ. ಅಮೆರಿಕದ ಹುಡುಗರು ವೈನು ಕುಡಿಯೋದು ಕಮ್ಮಿ ಮಾಡಿದಾರೆ. ಕ್ಯಾಲಿಫೋರ್ನಿಯಾದಲ್ಲಿ ಬಳ್ಳಿ ಕಿತ್ತು ರಾಶಿ ಹಾಕಿ ಸುಟ್ಟಿದ್ದನ್ನ ನಾನೇ ನೋಡಿದೀನಿ. ಹಣ್ಣನ್ನ ಕೊಯ್ಯದೆ ಬಳ್ಳಿಯಲ್ಲೇ ಬಿಟ್ಟವರಿದ್ದಾರೆ. ಬೋರ್ಡೋದಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಸಾವಿರಾರು ಹೆಕ್ಟೇರ್ ಬಳ್ಳಿ ಕೀಳಿಸಿತು. ಇಂಥ ವರ್ಷದಲ್ಲೇ ಅಂಗಡಿ ಲೇಬಲಿನ ಬಾಟಲಿ ಬಹಳ ರುಚಿಯಾಗಿರುತ್ತೆ, ಒಳ್ಳೊಳ್ಳೇ ತೊಟ್ಟಿಗಳೇ ಟ್ಯಾಂಕರಿಗೆ ಬರ್ತವೆ.

ಮಾವ: ಬರೋವಾಗ ಶಿಕಾರಿಪುರದ ರಸ್ತೆಬದಿ ನೋಡಿದೆಯಾ? ನಾನು ಸಣ್ಣವನಿದ್ದಾಗ ಅಲ್ಲೆಲ್ಲ ಭತ್ತ, ಆಮೇಲೆ ಜೋಳ. ಈಗ ಬೋರು ಹಾಕಿದವನೂ ಅಡಿಕೆ, ಕಾಲುವೆ ಬಂದವನೂ ಅಡಿಕೆ. ಐದಾರು ವರ್ಷಕ್ಕೆ ಆ ಸಸಿಯೆಲ್ಲ ಫಸಲಿಗೆ ಬರುತ್ತೆ. ಆಗ ಮಂಡಿಯಲ್ಲಿ ಏನಾಗುತ್ತೆ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. ನಮ್ಮದು ನಾಪಾ ಅಲ್ಲ. ರೇಟು ಬಿದ್ದರೆ ಮುಚ್ಚಿಡೋಕೆ ಹೆಸರಿಲ್ಲ, ರಾತ್ರೋರಾತ್ರಿ ಕೊಂಡುಹೋಗಿ ಚೆಂದದ ಲೇಬಲ್ ಅಂಟಿಸೋ ಅಂಗಡಿಯೂ ಇಲ್ಲ.

ಸೊಸೆ: ನೀವೇ ಒಂದು ಲೇಬಲ್ ಮಾಡಿ ಮಾವ. ಸೊರಬದ ಬೆಟ್ಟೆ ಅಂತ. ಸಂಘದ ಹೆಸರಲ್ಲಿ.

ಮಾವ: ಮಾಡಬಹುದು. ಅಡಿಕೆ ಪೊಟ್ಟಣ ಕಟ್ಟಿ ಮಾರುವವರು ಈಗಲೂ ಇದ್ದಾರೆ. ಆದ್ರೆ ಆರೋಗ್ಯಕ್ಕೆ ಹಾನಿಕರ ಅಂತ ಬರೀಬೇಕಾದ ಮಾಲಿಗೆ ಊರಿನ ಹೆಸರು ಇಡೋದಾ ಅಂತ ಸಂಘದಲ್ಲೇ ಯಾರೋ ಕೇಳಿದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಇನ್ನು ಸ್ವಲ್ಪ ಬಗ್ಗಿಸು. ಒಂದು ವಿಷಯ ಹೇಳು, ಇಂಥ ತೊಟ್ಟಿಗೆ ನಿಮ್ಮವರು ಲೀಟರಿಗೆ ಎಷ್ಟು ಕೊಡ್ತಾರೆ?

ಸೊಸೆ: ಅದನ್ನ ಹೇಳೋ ಹಾಗಿಲ್ಲ ಮಾವ. ಸಹಿ ಹಾಕಿದೀನಿ.

ಮಾವ: ಹಾಗಾದ್ರೆ ಬಹಳ ಕಮ್ಮಿನೇ ಕೊಡ್ತಾರೆ.